ಎಳೆಯ ನಕ್ಷತ್ರಗಳ ಗುಂಪು: ಹುಟ್ಟಿನಿಂದ ಬಂದದ್ದೇ, ಆಮೇಲೆ ಕೂಡಿಕೊಂಡದ್ದೇ?

ಕೊಂಡಜ್ಜಿ ಹಾದಿ

ಬಳಗದ ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಅಂತಿಮ ವರ್ಷದ ಬಿ.ಎಸ್ಸಿ. ಓದುತ್ತಿದ್ದೇನೆ. ನಕ್ಷತ್ರಗಳು ಹುಟ್ಟುವ ಪ್ರದೇಶಗಳ ಬಗ್ಗೆ ಪ್ರಾಜೆಕ್ಟ್ ಬರೆಯಲು ಹೊರಟಾಗ ಎದುರಾದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮಹಾವ್ಯಾಧ ನೀಹಾರಿಕೆಯ ನಡುವೆ ಎಳೆಯ ನಕ್ಷತ್ರಗಳು ಸಾವಿರಗಟ್ಟಲೆ ಒತ್ತೊತ್ತಾಗಿ ಇವೆ. ವೃಷಭ ರಾಶಿಯ ಮೋಡಗಳಲ್ಲಿಯೂ ಅದೇ ವಯಸ್ಸಿನ ಎಳೆಯ ನಕ್ಷತ್ರಗಳಿದ್ದರೂ ಅವು ಅಲ್ಲೊಂದು ಇಲ್ಲೊಂದು ಸಣ್ಣ ಗುಂಪುಗಳಾಗಿ ಚದುರಿಕೊಂಡಿವೆ. ನಕ್ಷತ್ರಗಳು ಮೊದಲು ಬೇರೆ ಬೇರೆ ಕಡೆ ಹುಟ್ಟಿ, ನಂತರ ಪರಸ್ಪರ ಗುರುತ್ವಾಕರ್ಷಣೆಯಿಂದ ಒಂದೆಡೆ ಸೇರುತ್ತವೆಯೇ? ಹಾಗಿದ್ದರೆ ವೃಷಭದ ಗುಂಪುಗಳು ಮುಂದೊಂದು ದಿನ ಮಹಾವ್ಯಾಧದ ಗುಚ್ಛದಂತಾಗುತ್ತವೆ ಎನ್ನಬಹುದೇ? ಅಥವಾ ಹುಟ್ಟುವಾಗಲೇ ಗುಂಪಾಗಿ ಹುಟ್ಟುತ್ತವೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ದುರ್ಗದ ಮೇಷ್ಟ್ರು

ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಒಂದು ಸರಳ ಲೆಕ್ಕ ಮಾಡೋಣ, ಏಕೆಂದರೆ ಅರ್ಧ ಉತ್ತರ ಆ ಲೆಕ್ಕದಲ್ಲಿಯೇ ಸಿಗುತ್ತದೆ. ಸೆಕೆಂಡಿಗೆ 1 ಕಿಲೋಮೀಟರ್ ವೇಗದಲ್ಲಿ ಸಾಗುವ ನಕ್ಷತ್ರವೊಂದು 10 ಲಕ್ಷ ವರ್ಷಗಳಲ್ಲಿ ಕ್ರಮಿಸುವ ದೂರ ಸುಮಾರು 3.3 ಜ್ಯೋತಿರ್ವರ್ಷ ಮಾತ್ರ. ಒಂದೇ ಮೋಡದಲ್ಲಿ ಹುಟ್ಟಿದ ನಕ್ಷತ್ರಗಳು ಒಂದಕ್ಕೊಂದು ಹೋಲಿಸಿದಂತೆ ಚಲಿಸುವ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಒಂದೆರಡು ಕಿಲೋಮೀಟರ್ ಇರುತ್ತದೆ. ವೃಷಭದ ಮೋಡಗಳ ಹರವು ಸುಮಾರು 100 ಜ್ಯೋತಿರ್ವರ್ಷ; ಅಲ್ಲಿನ ನಕ್ಷತ್ರಗಳಲ್ಲಿ ಹೆಚ್ಚಿನವುಗಳ ವಯಸ್ಸು 10 ಲಕ್ಷದಿಂದ 30 ಲಕ್ಷ ವರ್ಷ. ಅಷ್ಟು ಅಗಲದಲ್ಲಿ ಚದುರಿ ಹುಟ್ಟಿದವುಗಳು ಅಷ್ಟು ಕಡಿಮೆ ಅವಧಿಯಲ್ಲಿ ಒಂದೆಡೆ ಬಂದು ಸೇರಲು ಕಾಲವೇ ಸಾಲದು. ಆದ್ದರಿಂದ ತೀರ ಎಳೆಯ ನಕ್ಷತ್ರಗಳು ಈಗ ನಿಂತಿರುವ ಜಾಗಗಳು ಬಹುಮಟ್ಟಿಗೆ ಅವು ಹುಟ್ಟಿದ ಜಾಗಗಳೇ. ಅವುಗಳ ಜೋಡಣೆಯಲ್ಲಿ ನಾವು ಕಾಣುತ್ತಿರುವುದು ತಾಯಿಮೋಡದ ಒಳರಚನೆಯನ್ನು.

ಇನ್ನು ಮೋಡದ ಒಳಗೆ ನಡೆಯುವುದೇನು ಎಂಬುದನ್ನು ನೋಡೋಣ. ನಮ್ಮ ಆಕಾಶಗಂಗೆಯ ದೊಡ್ಡ ಅಣುಮೋಡಗಳಲ್ಲಿ ಹತ್ತು ಸಾವಿರದಿಂದ ಹತ್ತು ಲಕ್ಷ ಸೂರ್ಯರಿಗೆ ಸಮನಾದ ದ್ರವ್ಯವಿರುತ್ತದೆ. ಅದರಲ್ಲಿ ಬಹುಪಾಲು ಜಲಜನಕದ ಅಣುಗಳು, ಸ್ವಲ್ಪ ಹೀಲಿಯಂ, ತೂಕದಲ್ಲಿ ನೂರಕ್ಕೆ ಒಂದರಷ್ಟು ಧೂಳು. ಉಷ್ಣತೆ ನಿರಪೇಕ್ಷ ಶೂನ್ಯಕ್ಕಿಂತ ಕೇವಲ 10 ಡಿಗ್ರಿ ಮೇಲೆ, ಅಂದರೆ ಸುಮಾರು ಮೈನಸ್ 263 ಡಿಗ್ರಿ ಸೆಲ್ಸಿಯಸ್. ಅನಿಲದ ಒತ್ತಡ ಹೊರಕ್ಕೆ ತಳ್ಳುತ್ತದೆ, ಗುರುತ್ವ ಒಳಕ್ಕೆ ಸೆಳೆಯುತ್ತದೆ. ಈ ಎರಡರ ಪೈಪೋಟಿಯಲ್ಲಿ ಎಷ್ಟು ದ್ರವ್ಯ ಒಂದೆಡೆ ಸೇರಿದರೆ ಕುಸಿತ ಆರಂಭವಾಗುತ್ತದೆ ಎಂಬುದನ್ನು ಬ್ರಿಟನ್ನಿನ ಜೇಮ್ಸ್ ಜೀನ್ಸ್ 1902ರಲ್ಲಿಯೇ ಲೆಕ್ಕ ಹಾಕಿ ತೋರಿಸಿದರು. ಅನಿಲ ತಣ್ಣಗಿದ್ದಷ್ಟೂ, ದಟ್ಟವಾದಷ್ಟೂ ಆ ಮಿತಿ ಕೆಳಗಿಳಿಯುತ್ತದೆ. ಘನ ಸೆಂಟಿಮೀಟರಿಗೆ ಹತ್ತು ಸಾವಿರ ಅಣುಗಳಿರುವ ತಣ್ಣನೆಯ ಭಾಗದಲ್ಲಿ ಅದು ಕೆಲವೇ ಸೂರ್ಯರಾಶಿಗಳಷ್ಟು. ಮೋಡದಲ್ಲಿರುವುದು ಸಾವಿರಾರು ಸೂರ್ಯರಾಶಿ, ಕುಸಿಯಲು ಬೇಕಾದದ್ದು ಬೆರಳೆಣಿಕೆಯಷ್ಟು. ಹೀಗಿರುವಾಗ ಇಡೀ ಮೋಡ ಒಂದೇ ದೈತ್ಯ ನಕ್ಷತ್ರವಾಗದೆ, ದಟ್ಟವಾಗುತ್ತ ಹೋದಂತೆ ತುಂಡುತುಂಡಾಗಿ ಒಡೆಯುತ್ತದೆ. ನಕ್ಷತ್ರಗಳು ಗುಂಪಾಗಿ ಹುಟ್ಟುವುದಕ್ಕೆ ಮೂಲ ಕಾರಣ ಈ ಒಡೆಯುವಿಕೆಯೇ.

ಆದರೆ ಮೋಡವು ಎಲ್ಲ ಕಡೆ ಸಮವಾಗಿ ಒಡೆಯುವುದಿಲ್ಲ. ಅದರೊಳಗೆ ಶಬ್ದದ ವೇಗವನ್ನು ಮೀರಿದ ಪ್ರಕ್ಷುಬ್ಧ ಚಲನೆಗಳಿರುತ್ತವೆ, ಕಾಂತಕ್ಷೇತ್ರವೂ ಇರುತ್ತದೆ. ಅನಿಲದ ಪ್ರವಾಹಗಳು ಡಿಕ್ಕಿಯಾದ ಕಡೆ ಉದ್ದನೆಯ ಎಳೆಗಳು ಮೂಡುತ್ತವೆ. 2009ರಿಂದ 2013ರವರೆಗೆ ಕೆಲಸ ಮಾಡಿದ ಯುರೋಪಿನ ಹರ್ಷೆಲ್ ದೂರದರ್ಶಕವು ನಮ್ಮ ಸಮೀಪದ ಮೋಡಗಳನ್ನೆಲ್ಲ ದೀರ್ಘ ಅವಕೆಂಪು ಕಿರಣಗಳಲ್ಲಿ ಪರಿಶೀಲಿಸಿದಾಗ, ಇಂತಹ ಎಳೆಗಳು ಎಲ್ಲೆಲ್ಲೂ ಕಾಣಿಸಿದವು. ಅವುಗಳ ಅಗಲ ಸುಮಾರು 0.3 ಜ್ಯೋತಿರ್ವರ್ಷದ ಆಸುಪಾಸಿನಲ್ಲಿತ್ತು. ನಕ್ಷತ್ರವಾಗಲಿರುವ ದಟ್ಟ ತಿರುಳುಗಳು ಈ ಎಳೆಗಳ ಉದ್ದಕ್ಕೂ ಸಾಲಾಗಿ ಇವೆ. ಹಲವು ಎಳೆಗಳು ಕೂಡುವ ಸಂಧಿಗಳಿಗೆ ಎಲ್ಲ ಕಡೆಯಿಂದ ಅನಿಲ ಹರಿದು ಬರುವುದರಿಂದ ದೊಡ್ಡ ಗುಚ್ಛಗಳು ಹೆಚ್ಚಾಗಿ ಅಲ್ಲಿಯೇ ಹುಟ್ಟುತ್ತವೆ. ವೃಷಭದಲ್ಲಿ ಎಳೆಗಳಿವೆ, ಆದರೆ ದ್ರವ್ಯ ತುಂಬಿ ತುಳುಕುವ ಸಂಧಿಗಳಿಲ್ಲ. ಅಲ್ಲಿ ಈವರೆಗೆ ಗುರುತಿಸಿರುವ ನಕ್ಷತ್ರಗಳು ಸುಮಾರು 500. ಮಹಾವ್ಯಾಧದ ಎರಡು ದೊಡ್ಡ ಮೋಡಗಳಲ್ಲಿ ಸ್ಪಿಟ್ಜರ್ ದೂರದರ್ಶಕವೊಂದೇ 3,400ಕ್ಕೂ ಹೆಚ್ಚು ಎಳೆಯ ನಕ್ಷತ್ರಗಳನ್ನು ಪಟ್ಟಿ ಮಾಡಿತು. ಆದ್ದರಿಂದ ವೃಷಭವನ್ನು ಮಹಾವ್ಯಾಧದ ಬಾಲ್ಯವೆಂದು ತಿಳಿಯುವುದು ಸರಿಯಲ್ಲ. ಅವೆರಡೂ ಬೇರೆ ಬೇರೆ ಬಗೆಯ ಮೋಡಗಳ ಮಕ್ಕಳು.

ಚಳ್ಳಕೆರೆ ಓದುಗ

ಮೇಷ್ಟ್ರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಗುಂಪು ಹೇಗೆ ಆಯಿತು ಎಂದು ಕೇಳುವ ಮೊದಲು ಅದು ಗುಂಪು ಹೌದೋ ಅಲ್ಲವೋ ಎಂದು ಕೇಳಬೇಕಲ್ಲವೇ? ಈ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ.

ಪುಷ್ಯ ಮಾಸದ ಸಂಜೆ ನೆತ್ತಿಯ ಹತ್ತಿರ ಕಾಣುವ ವೃಷಭ ರಾಶಿಯನ್ನೇ ತೆಗೆದುಕೊಳ್ಳಿ. ವೃಷಭದ ಮುಖದ ಜಾಗದಲ್ಲಿ ಇಂಗ್ಲಿಷಿನ ವಿ ಅಕ್ಷರದಂತೆ ಕಾಣುವ ಹೈಯಡೀಸ್ ಗುಚ್ಛವಿದೆ, ಅದರ ತುದಿಯಲ್ಲಿ ಕೆಂಪಗೆ ಹೊಳೆಯುವ ರೋಹಿಣಿ ಇದೆ. ನೋಡುವವರಿಗೆ ರೋಹಿಣಿಯೇ ಆ ಗುಚ್ಛದ ಯಜಮಾನಿ. ವಾಸ್ತವದಲ್ಲಿ ಗುಚ್ಛ ಇರುವುದು ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿ, ರೋಹಿಣಿ ಇರುವುದು 65 ಜ್ಯೋತಿರ್ವರ್ಷ ದೂರದಲ್ಲಿ. ಅವೆರಡಕ್ಕೂ ಸಂಬಂಧವಿಲ್ಲ, ನಮ್ಮ ದೃಷ್ಟಿರೇಖೆಯಲ್ಲಿ ಒಂದರ ಮುಂದೆ ಒಂದು ಬಂದಿವೆ, ಅಷ್ಟೆ. ಪಕ್ಕದ ಕೃತ್ತಿಕೆ ಇನ್ನೂ ದೂರ, ಸುಮಾರು 440 ಜ್ಯೋತಿರ್ವರ್ಷ. ಕೃತ್ತಿಕೆಯ ಚಿತ್ರಗಳಲ್ಲಿ ನಕ್ಷತ್ರಗಳ ಸುತ್ತ ಕಾಣುವ ನೀಲಿ ಮಂಜನ್ನು ನೋಡಿ, ಅದು ಆ ನಕ್ಷತ್ರಗಳು ಹುಟ್ಟಿದ ಮೋಡದ ಅವಶೇಷವೆಂದು ಬಹಳ ಕಾಲ ನಂಬಲಾಗಿತ್ತು. ಅದು ಗುಚ್ಛವು ತನ್ನ ಪಾಡಿಗೆ ಸಾಗುವಾಗ ದಾರಿಯಲ್ಲಿ ಎದುರಾದ ಬೇರೆ ಧೂಳು ಎಂಬುದು ಅವುಗಳ ವೇಗಗಳನ್ನು ಅಳೆದ ಮೇಲೆ ತಿಳಿಯಿತು.

ಇನ್ನೊಂದು ಮಾತು. ಕಂಪ್ಯೂಟರಿನಲ್ಲಿ ಯಾದೃಚ್ಛಿಕವಾಗಿ ಸಾವಿರ ಚುಕ್ಕೆಗಳನ್ನು ಹರಡಿ ನೋಡಿದರೂ ಅವುಗಳಲ್ಲಿ ಗುಂಪುಗಳು, ಸಾಲುಗಳು, ಖಾಲಿ ಜಾಗಗಳು ಕಾಣಿಸುತ್ತವೆ. ಎಲ್ಲಿಯೂ ಗುಂಪು ಕಾಣದಂತೆ ಚುಕ್ಕೆಗಳನ್ನು ಹರಡಬೇಕಾದರೆ ಉದ್ದೇಶಪೂರ್ವಕವಾಗಿಯೇ ಜೋಡಿಸಬೇಕಾಗುತ್ತದೆ. ನಕ್ಷತ್ರ ಹುಟ್ಟುವ ಪ್ರದೇಶದ ಚಿತ್ರದಲ್ಲಿ ಗುಂಪು ಕಂಡಿತೆಂಬ ಮಾತ್ರಕ್ಕೆ ಅದಕ್ಕೊಂದು ಕಾರಣ ಹುಡುಕಲು ಹೊರಡುವವರು ಈ ಪರೀಕ್ಷೆಯನ್ನು ಮೊದಲು ಮಾಡಬೇಕು.

ಕೊಂಡಜ್ಜಿ ಹಾದಿ

ಮೇಷ್ಟ್ರಿಗೂ ಚಳ್ಳಕೆರೆಯವರಿಗೂ ಧನ್ಯವಾದಗಳು. ಹಾಗಾದರೆ ಸಂಶೋಧಕರು ಇದನ್ನು ಅಳೆಯುವುದು ಹೇಗೆ? ಒಂದು ಪ್ರದೇಶದ ನಕ್ಷತ್ರಗಳು ಗುಂಪಾಗಿವೆ, ಇನ್ನೊಂದರವು ಚದುರಿವೆ ಎಂದು ಸಂಖ್ಯೆಯಲ್ಲಿ ಹೇಳಲು ಸಾಧ್ಯವೇ?

ತೋಳಹುಣಸೆ ಸಂಶೋಧನಾರ್ಥಿ

ಸಾಧ್ಯವಿದೆ, ಆದರೆ ಅದಕ್ಕೂ ಮುಂಚೆ ಇನ್ನೊಂದು ಮೆಟ್ಟಿಲಿದೆ. ಆ ಪ್ರದೇಶದಲ್ಲಿ ನಿಜವಾಗಿ ಹುಟ್ಟಿದ ಎಳೆಯ ನಕ್ಷತ್ರಗಳು ಯಾವುವು, ಮುಂದೆ ಹಿಂದೆ ಇರುವ ಹಳೆಯ ನಕ್ಷತ್ರಗಳು ಯಾವುವು ಎಂದು ಬೇರ್ಪಡಿಸಬೇಕು. ಆಕಾಶಗಂಗೆಯ ಪಟ್ಟಿಯ ಕಡೆಗೆ ನೋಡುವಾಗ ಒಂದೇ ಚಿತ್ರದಲ್ಲಿ ಸಂಬಂಧವಿಲ್ಲದ ಸಾವಿರಾರು ನಕ್ಷತ್ರಗಳು ಬಂದು ಬೀಳುತ್ತವೆ. ಈ ಬೇರ್ಪಡಿಸುವ ಕೆಲಸವೇ ಕಷ್ಟದ್ದು, ಮತ್ತು ಫಲಿತಾಂಶ ತಪ್ಪಾದರೆ ಬಹುತೇಕ ಇಲ್ಲಿಯೇ ತಪ್ಪಿರುತ್ತದೆ ಎಂಬುದು ನನ್ನ ಅನಿಸಿಕೆ.

ಎಳೆಯ ನಕ್ಷತ್ರದ ಸುತ್ತ ಧೂಳು ಮತ್ತು ಅನಿಲದ ತಟ್ಟೆಯೊಂದು ಸುತ್ತುತ್ತಿರುತ್ತದೆ; ಮುಂದೆ ಗ್ರಹಗಳು ಮೂಡುವುದು ಅದರಲ್ಲಿಯೇ. ನಕ್ಷತ್ರದ ಬೆಳಕಿಗೆ ಬಿಸಿಯಾದ ಆ ಧೂಳು ಅವಕೆಂಪಿನಲ್ಲಿ ಹೊಳೆಯುವುದರಿಂದ, ಬರಿಯ ನಕ್ಷತ್ರದಿಂದ ನಿರೀಕ್ಷಿಸುವುದಕ್ಕಿಂತ ಹೆಚ್ಚಿನ ಅವಕೆಂಪು ಬೆಳಕು ನಮಗೆ ಸಿಗುತ್ತದೆ. 2003ರಿಂದ 2020ರವರೆಗೆ ಕೆಲಸ ಮಾಡಿದ ಸ್ಪಿಟ್ಜರ್ ಇದೇ ಗುರುತಿನಿಂದ ಎಳೆಯ ನಕ್ಷತ್ರಗಳನ್ನು ಹೆಕ್ಕಿತು. ಅವಕೆಂಪು ಕಿರಣಗಳು ಧೂಳನ್ನು ದಾಟಿ ಬರುವುದರಿಂದ, ಸಾಮಾನ್ಯ ಬೆಳಕಿನಲ್ಲಿ ಕಪ್ಪಾಗಿ ಕಾಣುವ ಮೋಡದ ಒಳಗಿರುವವೂ ಆಗ ಕಣ್ಣಿಗೆ ಬೀಳುತ್ತವೆ. ಆದರೆ ತಟ್ಟೆಗಳು ಶಾಶ್ವತವಲ್ಲ. ಇಪ್ಪತ್ತು ಮೂವತ್ತು ಲಕ್ಷ ವರ್ಷಗಳಲ್ಲಿ ಸುಮಾರು ಅರ್ಧದಷ್ಟು ನಕ್ಷತ್ರಗಳು ತಮ್ಮ ತಟ್ಟೆಯನ್ನು ಕಳೆದುಕೊಳ್ಳುತ್ತವೆ, ಒಂದು ಕೋಟಿ ವರ್ಷದ ಹೊತ್ತಿಗೆ ಉಳಿಯುವುದು ಬಹಳ ಕಡಿಮೆ. ಹಾಗೆ ತಟ್ಟೆ ಕಳೆದುಕೊಂಡವುಗಳನ್ನು ಪತ್ತೆ ಹಚ್ಚಲು ಕ್ಷ-ಕಿರಣ ಬೇಕು. ಎಳೆಯ ನಕ್ಷತ್ರಗಳ ಕಾಂತೀಯ ಚಟುವಟಿಕೆ ಎಷ್ಟು ತೀವ್ರವೆಂದರೆ, ಕ್ಷ-ಕಿರಣದಲ್ಲಿ ಅವು ಸೂರ್ಯನಿಗಿಂತ ಸಾವಿರ ಪಟ್ಟು ಪ್ರಕಾಶಮಾನವಾಗಿರಬಲ್ಲವು. 2003ರಲ್ಲಿ ಚಂದ್ರ ಎಂಬ ಹೆಸರಿನ ಕ್ಷ-ಕಿರಣ ದೂರದರ್ಶಕವನ್ನು ಮಹಾವ್ಯಾಧ ನೀಹಾರಿಕೆಯ ಕಡೆಗೆ ಸುಮಾರು 13 ದಿನಗಳ ಕಾಲ ತಿರುಗಿಸಿ ಇಟ್ಟಾಗ 1,600ರಷ್ಟು ಕ್ಷ-ಕಿರಣ ಮೂಲಗಳು ದೊರೆತವು. ಅವುಗಳಲ್ಲಿ ಹೆಚ್ಚಿನವು ಆ ಗುಚ್ಛದ ಎಳೆಯ ನಕ್ಷತ್ರಗಳೇ. ಅವಕೆಂಪಿನ ಪಟ್ಟಿಯನ್ನು ಮಾತ್ರ ಬಳಸಿದರೆ ತೀರ ಎಳೆಯವುಗಳ ಕಡೆಗೆ ತಕ್ಕಡಿ ವಾಲುತ್ತದೆ, ಗುಂಪು ಇರುವುದಕ್ಕಿಂತ ಬಿಗಿಯಾಗಿ ಕಾಣುತ್ತದೆ.

ಪಟ್ಟಿ ಸಿದ್ಧವಾದ ಮೇಲೆ ಅಳತೆ. ಇದಕ್ಕೆ ಬಳಸುವ ಮುಖ್ಯ ಸಾಧನ ಮಿನಿಮಮ್ ಸ್ಪ್ಯಾನಿಂಗ್ ಟ್ರೀ ಎಂಬ ಜಾಲ. ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಅಲ್ಲಲ್ಲಿ ಇರುವ ಮನೆಗಳಿಗೆಲ್ಲ ವಿದ್ಯುತ್ ತಂತಿ ಎಳೆಯಬೇಕು, ಯಾವ ಮನೆಯೂ ಬಿಟ್ಟುಹೋಗಬಾರದು, ತಂತಿಯ ಒಟ್ಟು ಉದ್ದ ಸಾಧ್ಯವಾದಷ್ಟು ಕಡಿಮೆ ಇರಬೇಕು ಎಂದುಕೊಳ್ಳಿ. ಆಗ ಮೂಡುವ ನಕ್ಷೆಯೇ ಆ ಜಾಲ. ಈ ಗಣಿತವೂ ಹುಟ್ಟಿದ್ದು ಹಾಗೆಯೇ: 1926ರಲ್ಲಿ ಚೆಕ್ ಗಣಿತಜ್ಞ ಓಟಕಾರ್ ಬೊರೂವ್ಕಾ ಅವರು ಮೊರಾವಿಯಾ ಪ್ರದೇಶದ ವಿದ್ಯುತ್ ಜಾಲವನ್ನು ಮಿತವ್ಯಯದಲ್ಲಿ ಹಾಕುವ ಬಗೆಯನ್ನು ಬಿಡಿಸುವಾಗ ಇದನ್ನು ರೂಪಿಸಿದರು. ಮನೆಗಳ ಜಾಗದಲ್ಲಿ ನಕ್ಷತ್ರಗಳನ್ನಿಟ್ಟರೆ, ಚಿಕ್ಕ ತಂತಿಗಳು ಒತ್ತಾಗಿರುವ ಕಡೆ ಗುಂಪು, ಉದ್ದನೆಯ ತಂತಿ ಗುಂಪು ಗುಂಪಿನ ನಡುವಿನ ಅಂತರ.

2004ರಲ್ಲಿ ಕಾರ್ಟ್‌ರೈಟ್ ಮತ್ತು ವಿಟ್‌ವರ್ತ್ ಎಂಬ ಸಂಶೋಧಕರು ಇದರಿಂದ ಒಂದು ಸಂಖ್ಯೆಯನ್ನು ಹೊರತೆಗೆದರು. ಅದಕ್ಕೆ ಕ್ಯೂ ಎಂದು ಹೆಸರು. ಜಾಲದ ತಂತಿಗಳ ಸರಾಸರಿ ಉದ್ದವನ್ನು, ಎಲ್ಲ ನಕ್ಷತ್ರ ಜೋಡಿಗಳ ನಡುವಿನ ಸರಾಸರಿ ದೂರದಿಂದ ಭಾಗಿಸಬೇಕು. ಗುಚ್ಛದ ಗಾತ್ರ ಮತ್ತು ನಕ್ಷತ್ರಗಳ ಸಂಖ್ಯೆ ಅಡ್ಡಬರದಂತೆ ಎರಡನ್ನೂ ಮೊದಲೇ ಸರಿಹೊಂದಿಸಿರಬೇಕು. ಸುಮಾರು 0.8 ಎಂಬುದು ಗಡಿ. ನಕ್ಷತ್ರಗಳು ಹಲವು ಸಣ್ಣ ಗುಂಪುಗಳಾಗಿ ಒಡೆದಿದ್ದರೆ ಉತ್ತರ ಅದಕ್ಕಿಂತ ಕೆಳಗೆ ಬರುತ್ತದೆ, ಒಂದೇ ಕೇಂದ್ರದ ಸುತ್ತ ದಟ್ಟೈಸಿದ್ದರೆ ಮೇಲಕ್ಕೆ ಹೋಗುತ್ತದೆ. ಅವರ ಲೆಕ್ಕದಲ್ಲಿ ವೃಷಭಕ್ಕೆ ಬಂದ ಬೆಲೆ 0.47. ಜ್ಯೇಷ್ಠಾ ನಕ್ಷತ್ರದ ಹತ್ತಿರವಿರುವ ರೋ ಒಫಿಯೂಕಿ ಮೋಡದ ಗುಚ್ಛಕ್ಕೆ 0.85. ಪರ್ಸಿಯಸ್ ಪುಂಜದ ಐಸಿ 348 ಎಂಬ ಗುಚ್ಛಕ್ಕೆ 0.98. ಕಣ್ಣಿಗೆ ಕಂಡದ್ದನ್ನೇ ಸಂಖ್ಯೆ ಹೇಳುತ್ತದೆ ಎನ್ನಬಹುದು. ಆದರೆ ಚಳ್ಳಕೆರೆಯವರು ಹೇಳಿದ ಯಾದೃಚ್ಛಿಕ ಚುಕ್ಕೆಗಳ ಪರೀಕ್ಷೆಗೂ ಇದನ್ನು ಒಡ್ಡಬಹುದು ಎಂಬುದೇ ಇದರ ಬಲ.

ಚಳ್ಳಕೆರೆ ಓದುಗ

ವಿವರಣೆ ಬಹಳ ಸ್ಪಷ್ಟವಾಗಿದೆ, ಮೇಡಂ. ಇಲ್ಲಿ ಒಂದು ತಕರಾರನ್ನು ದಾಖಲಿಸುತ್ತೇನೆ. ನಕ್ಷತ್ರಗಳಲ್ಲಿ 70ರಿಂದ 90 ಶೇಕಡಾ ಗುಚ್ಛಗಳಲ್ಲಿಯೇ ಹುಟ್ಟುತ್ತವೆ ಎಂಬ ಮಾತನ್ನು ಎಲ್ಲ ಕಡೆ ಕಾಣುತ್ತೇವೆ. ಅದು ಲಾಡಾ ಮತ್ತು ಲಾಡಾ ಎಂಬ ಇಬ್ಬರು ಸಂಶೋಧಕರ 2003ರ ಸಮೀಕ್ಷಾ ಪ್ರಬಂಧದಿಂದ ಬಂದದ್ದು. ಆದರೆ ಗುಚ್ಛವೆಂದು ಕರೆಯಲು ಎಷ್ಟು ಒತ್ತಾಗಿರಬೇಕು? 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ, ನಮ್ಮಿಂದ 1,600 ಜ್ಯೋತಿರ್ವರ್ಷದೊಳಗಿನ ಪ್ರದೇಶಗಳ ಎಳೆಯ ನಕ್ಷತ್ರಗಳ ದಟ್ಟಣೆಯನ್ನು ಸ್ಪಿಟ್ಜರ್ ಮಾಹಿತಿಯಿಂದ ಲೆಕ್ಕ ಹಾಕಿತು. ಒಂದೆಡೆ ಗುಚ್ಛದ ನಕ್ಷತ್ರಗಳು, ಇನ್ನೊಂದೆಡೆ ಒಂಟಿ ನಕ್ಷತ್ರಗಳು ಎಂದು ಎರಡು ಪಂಗಡಗಳು ಅಲ್ಲಿ ಸಿಗಲೇ ಇಲ್ಲ. ತೀರ ವಿರಳದಿಂದ ತೀರ ದಟ್ಟದವರೆಗೆ ಎಲ್ಲಿಯೂ ಕಡಿಯದ ಒಂದೇ ಹರವು. ಗಡಿಯನ್ನು ಎಲ್ಲಿ ಎಳೆಯುತ್ತೀರಿ ಎಂಬುದರ ಮೇಲೆ ಗುಚ್ಛದಲ್ಲಿ ಹುಟ್ಟುವವುಗಳ ಪ್ರಮಾಣ 40 ಶೇಕಡಾ ಎಂದೂ ಹೇಳಬಹುದು, 90 ಎಂದೂ ಹೇಳಬಹುದು. ಹೀಗಿರುವಾಗ ಗುಚ್ಛದಲ್ಲಿ ಹುಟ್ಟುವುದು ಒಂದು ವಿಧಾನ, ಒಂಟಿಯಾಗಿ ಹುಟ್ಟುವುದು ಮತ್ತೊಂದು ವಿಧಾನ ಎಂಬ ಪಾಠವನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಎಷ್ಟು ಸರಿ?

ದುರ್ಗದ ಮೇಷ್ಟ್ರು

ಎರಡು ವಿಧಾನಗಳೆಂಬ ಪಾಠವನ್ನು ನಾನೂ ಹೇಳಿಕೊಡುವುದಿಲ್ಲ. ಮೋಡದ ಪ್ರಕ್ಷುಬ್ಧತೆ ಎಲ್ಲ ಅಳತೆಗಳಲ್ಲಿಯೂ ಇರುವುದರಿಂದ ನಕ್ಷತ್ರಗಳ ಹರವೂ ಕಡಿಯದೆ ಇರುವುದು ಸಹಜವೇ. ಆದರೆ ಗುಚ್ಛವೆಂಬ ಕಲ್ಪನೆಯನ್ನು ಕೈಬಿಡಲೂ ನಾನು ಸಿದ್ಧನಿಲ್ಲ. ದಟ್ಟಣೆ ಎಷ್ಟು ಎಂಬ ಪ್ರಶ್ನೆಗಿಂತ, ಸ್ವಂತ ಗುರುತ್ವದಿಂದ ಈ ಗುಂಪು ಹಿಡಿದು ನಿಲ್ಲಬಲ್ಲದೇ ಎಂಬ ಪ್ರಶ್ನೆ ಮುಖ್ಯ. ಅದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರವಿದೆ.

ಹುಟ್ಟುವಾಗ ಗುಂಪನ್ನು ಹಿಡಿದಿಡುವುದು ನಕ್ಷತ್ರಗಳ ಗುರುತ್ವ ಮಾತ್ರವಲ್ಲ. ಸುತ್ತಲಿನ ಅನಿಲದ ಪಾಲೇ ಅದರಲ್ಲಿ ದೊಡ್ಡದು. ಗುಚ್ಛ ಹುಟ್ಟುವ ದಟ್ಟ ತಿರುಳಿನಲ್ಲಿಯೂ ನಕ್ಷತ್ರವಾಗಿ ಮಾರ್ಪಡುವ ಅನಿಲ ಸಾಮಾನ್ಯವಾಗಿ 10ರಿಂದ 30 ಶೇಕಡಾ. ಉಳಿದದ್ದು ಹಾಗೆಯೇ ಇರುತ್ತದೆ. ಗುಂಪಿನಲ್ಲಿ ಭಾರಿ ನಕ್ಷತ್ರಗಳು ಹುಟ್ಟಿದವೆಂದರೆ ಆ ಉಳಿದ ಅನಿಲಕ್ಕೆ ಆಯುಷ್ಯ ಮುಗಿದಂತೆ. ಮಹಾವ್ಯಾಧ ನೀಹಾರಿಕೆಯ ನಡುವಿನ ನಾಲ್ಕು ನಕ್ಷತ್ರಗಳಲ್ಲಿ ಅತಿ ಪ್ರಕಾಶಮಾನವಾದದ್ದು ಥೀಟಾ-1 ಓರಿಯಾನಿಸ್ ಸಿ. ಇಡೀ ನೀಹಾರಿಕೆ ಬೆಳಗುತ್ತಿರುವುದು ಬಹುಮಟ್ಟಿಗೆ ಅದರ ನೇರಳಾತೀತ ಕಿರಣಗಳಿಂದ. ಆ ಕಿರಣಗಳೂ ಅದರ ಬಿರುಸಾದ ಮಾರುತವೂ ಸುತ್ತಲಿನ ಅನಿಲವನ್ನು ಕಾಯಿಸಿ ಹೊರಕ್ಕೆ ಅಟ್ಟುತ್ತಿವೆ.

ಅನಿಲ ಹೋದ ಮೇಲೆ ಏನಾಗುತ್ತದೆ ಎಂಬುದಕ್ಕೆ ಪದವಿ ತರಗತಿಯ ಭೌತಶಾಸ್ತ್ರವೇ ಸಾಕು. ಸಮತೋಲನದಲ್ಲಿರುವ ಗುಂಪಿನಲ್ಲಿ ಒಟ್ಟು ಚಲನಶಕ್ತಿಯು ಗುರುತ್ವದ ಬಂಧನಶಕ್ತಿಯ ಅರ್ಧದಷ್ಟಿರುತ್ತದೆ. ಒಟ್ಟು ದ್ರವ್ಯದ ಅರ್ಧಭಾಗ ಹಠಾತ್ತನೆ ಹೊರಟುಹೋಯಿತೆಂದುಕೊಳ್ಳಿ. ನಕ್ಷತ್ರಗಳ ವೇಗ ತಕ್ಷಣಕ್ಕೆ ಬದಲಾಗುವುದಿಲ್ಲವಾದ್ದರಿಂದ ಪ್ರತಿ ನಕ್ಷತ್ರದ ಚಲನಶಕ್ತಿ ಮೊದಲಿನಷ್ಟೇ ಉಳಿಯುತ್ತದೆ, ಅದನ್ನು ಹಿಡಿದಿಡುವ ಸೆಳೆತ ಮಾತ್ರ ಅರ್ಧಕ್ಕೆ ಇಳಿಯುತ್ತದೆ. ಆಗ ಎರಡೂ ಸರಿಸಮವಾಗಿ, ಬಂಧನವೆಂಬುದೇ ಉಳಿಯುವುದಿಲ್ಲ. 1980ರಲ್ಲಿ ಜ್ಯಾಕ್ ಹಿಲ್ಸ್ ಎಂಬ ವಿಜ್ಞಾನಿ ಈ ವಾದವನ್ನು ಮುಂದಿಟ್ಟರು. ಅರ್ಧಕ್ಕಿಂತ ಹೆಚ್ಚು, ಅಂದರೆ 70ರಿಂದ 90 ಶೇಕಡಾ ದ್ರವ್ಯ ಅನಿಲವಾಗಿಯೇ ಹೊರಟುಹೋಗುವಾಗ ಗುಂಪು ಚೆದುರುವುದೇ ಹೆಚ್ಚು ಸಂಭವ. ಅನಿಲ ನಿಧಾನವಾಗಿ ಹೋದರೆ, ಅಥವಾ ಆ ಹೊತ್ತಿಗೆ ನಕ್ಷತ್ರಗಳು ಮಂದಗತಿಯಲ್ಲಿ ಒಳಮುಖವಾಗಿ ಬೀಳುತ್ತಿದ್ದರೆ ಒಂದು ಪಾಲು ಉಳಿದುಕೊಳ್ಳಬಲ್ಲದು. ಚಳ್ಳಕೆರೆಯವರು ಉಲ್ಲೇಖಿಸಿದ ಲಾಡಾ ಪ್ರಬಂಧದಲ್ಲಿಯೇ ಇನ್ನೊಂದು ಅಂಕಿಯಿದೆ: ಮೋಡದೊಳಗೆ ಹುಟ್ಟಿದ ಗುಚ್ಛಗಳಲ್ಲಿ ಕೃತ್ತಿಕೆಯಷ್ಟು ವಯಸ್ಸಿನವರೆಗೆ ಬಂಧನದಲ್ಲಿಯೇ ಉಳಿಯುವವು 4ರಿಂದ 7 ಶೇಕಡಾಕ್ಕಿಂತ ಕಡಿಮೆ. ಗುಂಪಾಗಿ ಹುಟ್ಟುವುದು ಸಾಮಾನ್ಯ, ಗುಂಪಾಗಿ ಬಾಳುವುದು ಅಪರೂಪ.

ಇದಕ್ಕೆ ನೇರ ಸಾಕ್ಷ್ಯವೂ ಈಗ ದೊರೆತಿದೆ. ನಕ್ಷತ್ರಗಳ ದೂರ, ಚಲನೆಗಳನ್ನು ಅಳೆಯಲೆಂದು 2013ರ ಡಿಸೆಂಬರಿನಲ್ಲಿ ಹಾರಿಬಿಟ್ಟ ಗಾಯಾ ಉಪಗ್ರಹದ ಎರಡನೆಯ ಮಾಹಿತಿ ಕಂತು 2018ರ ಏಪ್ರಿಲಿನಲ್ಲಿ ಬಂದ ಮೇಲೆ, 28 ಎಳೆಯ ಗುಚ್ಛಗಳ ಮತ್ತು ತಾರಾಸಂಘಗಳ (ಸಡಿಲವಾಗಿ ಹರಡಿದ ಎಳೆಯ ನಕ್ಷತ್ರಕೂಟಗಳ) ಒಳಚಲನೆಯನ್ನು ಅಳೆಯಲಾಯಿತು. 2019ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ ಅವುಗಳಲ್ಲಿ ಕನಿಷ್ಠ 75 ಶೇಕಡಾ ಹಿಗ್ಗುತ್ತಿವೆ. ಹಿಗ್ಗುವ ವೇಗ ಸೆಕೆಂಡಿಗೆ ಸುಮಾರು ಅರ್ಧ ಕಿಲೋಮೀಟರ್. ಭಾರಿ ನಕ್ಷತ್ರಗಳ ಸಡಿಲವಾದ ಕೂಟಗಳು ಹೆಚ್ಚು ಕಾಲ ಉಳಿಯಲಾರವು, ಆದ್ದರಿಂದ ಅವು ಎಳೆಯವೇ ಇರಬೇಕು, ಅಂದರೆ ನಕ್ಷತ್ರಗಳು ಇಂದಿಗೂ ಹುಟ್ಟುತ್ತಿವೆ ಎಂದು ಆರ್ಮೇನಿಯಾದ ವಿಕ್ಟರ್ ಅಂಬಾರ್ಟ್‌ಸುಮಿಯನ್ 1947ರಲ್ಲಿ ವಾದಿಸಿದಾಗ ಇಂತಹ ಅಳತೆ ಯಾರ ಕೈಯಲ್ಲಿಯೂ ಇರಲಿಲ್ಲ.

ಹಿರಿಯೂರಿನ ಕೃಷಿಕ

ಮೇಷ್ಟ್ರೇ, ನಾನು ವಿಜ್ಞಾನ ಓದಿದವನಲ್ಲ, ಆದರೂ ಈ ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ಎರಡು ಪ್ರಶ್ನೆಗಳಿವೆ. ದೊಡ್ಡ ನಕ್ಷತ್ರಗಳು ಗುಂಪಿನ ನಟ್ಟನಡುವೆಯೇ ಇರುತ್ತವೆ ಎಂದು ಕೇಳಿದ್ದೇನೆ. ಅವು ಅಲ್ಲಿಯೇ ಹುಟ್ಟಿದವೇ, ಆಮೇಲೆ ನಡುವಿಗೆ ಬಂದವೇ? ನಮ್ಮ ಸೂರ್ಯನಿಗೂ ಒಡಹುಟ್ಟಿದವರು ಇದ್ದರೇ?

ತೋಳಹುಣಸೆ ಸಂಶೋಧನಾರ್ಥಿ

ಮೊದಲನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಎರಡನೆಯದನ್ನು ಮೇಷ್ಟ್ರಿಗೆ ಬಿಡುತ್ತೇನೆ.

ಇದು ಸಂಶೋಧಕರ ನಡುವೆ ಬಹಳ ವಾದ ನಡೆದಿರುವ ಪ್ರಶ್ನೆ. ಗುಂಪಿನಲ್ಲಿ ನಕ್ಷತ್ರಗಳು ಒಂದರ ಹತ್ತಿರ ಒಂದು ಹಾದುಹೋಗುವಾಗ ಶಕ್ತಿಯನ್ನು ಹಂಚಿಕೊಳ್ಳುತ್ತವೆ. ಭಾರವಾದವು ಶಕ್ತಿ ಕಳೆದುಕೊಂಡು ನಡುವಿಗೆ ಇಳಿಯುತ್ತವೆ, ಹಗುರವಾದವು ವೇಗ ಪಡೆದು ಅಂಚಿಗೆ ಸರಿಯುತ್ತವೆ. ಮಹಾವ್ಯಾಧದ ಗುಚ್ಛದ ವಯಸ್ಸು 10ರಿಂದ 30 ಲಕ್ಷ ವರ್ಷ ಮಾತ್ರ. ಇಷ್ಟು ಕಡಿಮೆ ಅವಧಿಯಲ್ಲಿ ಹಾಗೆ ಇಳಿದುಬರಲು ಸಾಧ್ಯವಿಲ್ಲ, ಅವು ನಡುವೆಯೇ ಹುಟ್ಟಿರಬೇಕು ಎಂಬ ವಾದ 1998ರ ಸುಮಾರಿಗೆ ಬಲವಾಗಿತ್ತು. ಆದರೆ ಆ ಲೆಕ್ಕವು ಗುಚ್ಛ ಮೊದಲಿನಿಂದಲೂ ನುಣುಪಾದ ಗೋಳದಂತಿತ್ತು ಎಂದು ಭಾವಿಸಿತ್ತು. ಆರಂಭದಲ್ಲಿ ಅದು ವೃಷಭದಂತೆ ತುಂಡುತುಂಡಾಗಿದ್ದು, ನಕ್ಷತ್ರಗಳ ವೇಗ ಕಡಿಮೆಯಿದ್ದುದರಿಂದ ಒಳಕ್ಕೆ ಕುಸಿದು ಒಂದಾಯಿತೆಂದು ಭಾವಿಸಿ ಕಂಪ್ಯೂಟರಿನಲ್ಲಿ ನಡೆಸಿ ನೋಡಿದರೆ, ಕುಸಿತದ ಕ್ಷಣದಲ್ಲಿ ಮೂಡುವ ವಿಪರೀತ ದಟ್ಟಣೆಯಲ್ಲಿ ಭಾರದ ನಕ್ಷತ್ರಗಳು 10 ಲಕ್ಷ ವರ್ಷದೊಳಗೇ ನಡುವಿಗೆ ಬಂದುಬಿಡುತ್ತವೆ ಎಂದು 2009ರ ಹೊತ್ತಿಗೆ ಕಂಡುಬಂತು. ಆದ್ದರಿಂದ ಎರಡೂ ದಾರಿಗಳು ತೆರೆದಿವೆ. ಪ್ರಶ್ನೆ ಕೇಳಿದ ವಿದ್ಯಾರ್ಥಿಯ ಅನುಮಾನಕ್ಕೂ ಇಲ್ಲಿ ಒಂದು ಜಾಗವಿದೆ ಎನ್ನಬೇಕು: ನೂರು ಜ್ಯೋತಿರ್ವರ್ಷಗಳಾಚೆಯಿಂದ ನಕ್ಷತ್ರಗಳು ಬಂದು ಸೇರಲಾರವು, ಆದರೆ ಕೆಲವೇ ಜ್ಯೋತಿರ್ವರ್ಷಗಳ ಅಂತರದಲ್ಲಿ ಹುಟ್ಟಿದ ಸಣ್ಣ ಗುಂಪುಗಳು ಒಂದರೊಳಗೊಂದು ಬೆರೆತು ದೊಡ್ಡ ಗುಚ್ಛವಾಗಬಲ್ಲವು.

ಮಹಾವ್ಯಾಧದ ಗುಚ್ಛದ ತಿರುಳಿನಲ್ಲಿ ನಕ್ಷತ್ರಗಳ ದಟ್ಟಣೆ ಸೂರ್ಯನ ಆಸುಪಾಸಿನದಕ್ಕಿಂತ ಲಕ್ಷ ಪಟ್ಟು ಹೆಚ್ಚು. ಅಂತಹ ಕಡೆ ನಕ್ಷತ್ರಗಳು ಬಹಳ ಸಮೀಪ ಬಂದರೆ ಒಂದೆರಡು ಹೊರಕ್ಕೆ ಎಸೆಯಲ್ಪಡುವುದೂ ಉಂಟು. ವಿಜಯಸಾರಥಿ ಪುಂಜದ ಎಇ ಆರಿಗೇ ಮತ್ತು ಕಪೋತ ಪುಂಜದ ಮ್ಯೂ ಕೊಲಂಬೇ ಎಂಬ ನಕ್ಷತ್ರಗಳು ಸೆಕೆಂಡಿಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ವಿರುದ್ಧ ದಿಕ್ಕುಗಳಿಗೆ ಓಡುತ್ತಿವೆ. ಅವುಗಳ ಹಾದಿಯನ್ನು ಹಿಂದಕ್ಕೆ ಎಳೆದರೆ ಸುಮಾರು 25 ಲಕ್ಷ ವರ್ಷಗಳ ಹಿಂದೆ ಎರಡೂ ಮಹಾವ್ಯಾಧದ ಪ್ರದೇಶದಲ್ಲಿಯೇ ಸೇರುತ್ತವೆ.

ಮೇಷ್ಟ್ರ ಮಾತಿಗೂ ಒಂದು ತಿದ್ದುಪಡಿ ಬೇಕು. ಚದುರಿಕೊಂಡಿರುವ ತಾರಾಸಂಘಗಳೆಲ್ಲ ಒಂದು ಕಾಲಕ್ಕೆ ಬಿಗಿಯಾದ ಗುಚ್ಛಗಳಾಗಿದ್ದವು ಎಂದುಕೊಳ್ಳಬಾರದು. ನಮಗೆ ಅತಿ ಹತ್ತಿರದ ದೊಡ್ಡ ತಾರಾಸಂಘ ವೃಶ್ಚಿಕದಿಂದ ಸೆಂಟಾರಸ್‌ವರೆಗೆ ಹರಡಿದೆ, ಸುಮಾರು 400 ಜ್ಯೋತಿರ್ವರ್ಷ ದೂರ. ಜ್ಯೇಷ್ಠಾ ಕೂಡ ಅದರ ಸದಸ್ಯ. ಗಾಯಾ ಮಾಹಿತಿಯಿಂದ ಅದರ ಉಪಗುಂಪುಗಳ ಚಲನೆಯನ್ನು 2018ರಲ್ಲಿ ಹಿಂದಕ್ಕೆ ಎಳೆದು ನೋಡಿದಾಗ ಅವು ಸಣ್ಣದೊಂದು ಬಿಂದುವಿಗೆ ಬಂದು ಸೇರಲಿಲ್ಲ. ಅಲ್ಲಿನ ಹೆಚ್ಚಿನ ನಕ್ಷತ್ರಗಳು ಹುಟ್ಟುವಾಗಲೇ ಅಗಲವಾಗಿ, ಹಲವು ಸಣ್ಣ ಗುಂಪುಗಳಾಗಿ ಹುಟ್ಟಿದ್ದವು.

ದುರ್ಗದ ಮೇಷ್ಟ್ರು

ತಿದ್ದುಪಡಿ ಸರಿಯಾಗಿದೆ. ಹಿರಿಯೂರಿನ ಯಜಮಾನರ ಎರಡನೆಯ ಪ್ರಶ್ನೆಗೆ ಬರುತ್ತೇನೆ.

ಸೂರ್ಯನೂ ಗುಂಪಿನಲ್ಲಿಯೇ ಹುಟ್ಟಿರಬೇಕೆಂಬುದಕ್ಕೆ ಸುಳಿವುಗಳಿವೆ. ಅತಿ ಹಳೆಯ ಉಲ್ಕಾಶಿಲೆಗಳಲ್ಲಿ ಅಲ್ಯೂಮಿನಿಯಂ-26 ಎಂಬ ವಿಕಿರಣಶೀಲ ರೂಪದ ಗುರುತುಗಳು ದೊರೆತಿವೆ. ಅದರ ಅರ್ಧಾಯುಷ್ಯ ಸುಮಾರು 7 ಲಕ್ಷ ವರ್ಷ ಮಾತ್ರವಾದ್ದರಿಂದ, ಸೌರಮಂಡಲ ರೂಪುಗೊಳ್ಳುವ ಸಮಯಕ್ಕೆ ಅದನ್ನು ತಯಾರಿಸಿದ ಭಾರಿ ನಕ್ಷತ್ರವೊಂದು ಹತ್ತಿರದಲ್ಲಿಯೇ ಇದ್ದಿರಬೇಕು ಎಂಬುದು ಹಲವರ ಅಭಿಪ್ರಾಯ. ಸೂರ್ಯನಿಂದ ಯಾವಾಗಲೂ ಬಹು ದೂರದಲ್ಲಿಯೇ ಸುತ್ತುವ ಸೆಡ್ನಾ ಎಂಬ ಪುಟ್ಟ ಕಾಯದ ವಿಚಿತ್ರ ಕಕ್ಷೆಯನ್ನೂ ಕೆಲವರು ಹಳೆಯ ನೆರೆಯ ನಕ್ಷತ್ರವೊಂದರ ಸೆಳೆತದಿಂದ ವಿವರಿಸುತ್ತಾರೆ. ಆದರೆ ಹುಟ್ಟಿ 460 ಕೋಟಿ ವರ್ಷಗಳಾಗಿವೆ. ಅಷ್ಟರಲ್ಲಿ ಸೂರ್ಯ ಆಕಾಶಗಂಗೆಯನ್ನು ಸುಮಾರು ಇಪ್ಪತ್ತು ಸುತ್ತು ಹಾಕಿದ್ದಾನೆ. ಒಡಹುಟ್ಟಿದವರು ಎಲ್ಲೆಲ್ಲಿಗೋ ಚದುರಿದ್ದಾರೆ. ರಾಸಾಯನಿಕ ಸಂಯೋಜನೆ ಮತ್ತು ಕಕ್ಷೆಯನ್ನು ಹೋಲಿಸಿ ಹುಡುಕುವವರು 2014ರಲ್ಲಿ ಎಚ್‌ಡಿ 162826 ಎಂಬ, 110 ಜ್ಯೋತಿರ್ವರ್ಷ ದೂರದ ನಕ್ಷತ್ರವನ್ನು ಸೂರ್ಯನ ಒಡಹುಟ್ಟು ಇರಬಹುದೆಂದು ಮುಂದಿಟ್ಟರು. ಅದು ಅಭ್ಯರ್ಥಿ ಮಾತ್ರ. ನನ್ನನ್ನು ಕೇಳಿದರೆ ಈ ಹುಡುಕಾಟದಲ್ಲಿ ಖಚಿತತೆ ಸಿಗುವುದು ಕಷ್ಟ.

ಕೊಂಡಜ್ಜಿ ಹಾದಿ

ಎಲ್ಲರಿಗೂ ಕೃತಜ್ಞತೆಗಳು. ಪ್ರಾಜೆಕ್ಟ್‌ನ ರೂಪುರೇಷೆಯನ್ನು ಬದಲಾಯಿಸಿಕೊಂಡಿದ್ದೇನೆ. ಗಾಯಾದ ಮೂರನೆಯ ಮಾಹಿತಿ ಕಂತಿನಿಂದ ಕೃತ್ತಿಕೆಯ ನಕ್ಷತ್ರಗಳನ್ನೂ ವೃಷಭದ ಮೋಡದ ಎಳೆಯ ನಕ್ಷತ್ರಗಳನ್ನೂ ತೆಗೆದುಕೊಂಡು, ದೂರದ ಆಧಾರದ ಮೇಲೆ ಬೇರ್ಪಡಿಸಿ, ಎರಡಕ್ಕೂ ಜಾಲ ಹಾಕಿ ಕ್ಯೂ ಬೆಲೆಯನ್ನು ಹೋಲಿಸಬೇಕೆಂದಿದ್ದೇನೆ. ಇದು ಸರಿಯಾದ ಕ್ರಮವೇ, ಮೇಡಂ?

ತೋಳಹುಣಸೆ ಸಂಶೋಧನಾರ್ಥಿ

ಹೋಲಿಕೆಗೆ ಒಳ್ಳೆಯ ಜೋಡಿಯನ್ನೇ ಆರಿಸಿದ್ದೀರಿ, ಆದರೆ ದೂರದಿಂದ ಮಾತ್ರ ಬೇರ್ಪಡಿಸಲು ಹೋದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಕೃತ್ತಿಕೆಯ ಪ್ಯಾರಲಾಕ್ಸ್, ಅಂದರೆ ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಓಲಾಡಿದಂತೆ ಕಾಣುವ, ಅದರ ದೂರವನ್ನು ತಿಳಿಸುವ ಕೋನ, ಸುಮಾರು 7.4 ಮಿಲಿ ಆರ್ಕ್‌ಸೆಕೆಂಡ್ (ಒಂದು ಮಿಲಿ ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 36 ಲಕ್ಷದಲ್ಲೊಂದು ಪಾಲು). ವೃಷಭದ ಮೋಡಗಳದು ಭಾಗದಿಂದ ಭಾಗಕ್ಕೆ ಬದಲಾದರೂ 7ರ ಆಸುಪಾಸಿನಲ್ಲಿಯೇ ಇದೆ. ಅಂದರೆ ಎರಡೂ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ, ಆಕಾಶದಲ್ಲಿಯೂ ಅಕ್ಕಪಕ್ಕದಲ್ಲಿವೆ. ಒಂದು 10 ಕೋಟಿ ವರ್ಷ ಮೀರಿದ್ದು, ಇನ್ನೊಂದು ಈಗಷ್ಟೇ ಹುಟ್ಟುತ್ತಿರುವುದು.

ಅವುಗಳನ್ನು ಬೇರ್ಪಡಿಸುವುದು ಸ್ವಚಲನೆ, ಅಂದರೆ ಆಕಾಶದಲ್ಲಿ ನಕ್ಷತ್ರದ ಸ್ಥಾನ ವರ್ಷದಿಂದ ವರ್ಷಕ್ಕೆ ಸರಿಯುವುದು. ಕೃತ್ತಿಕೆಯ ನಕ್ಷತ್ರಗಳು ವರ್ಷಕ್ಕೆ ಪೂರ್ವಕ್ಕೆ ಸುಮಾರು 20 ಮಿಲಿ ಆರ್ಕ್‌ಸೆಕೆಂಡ್, ದಕ್ಷಿಣಕ್ಕೆ ಸುಮಾರು 45 ಸರಿಯುತ್ತವೆ. ವೃಷಭದ ಎಳೆಯ ನಕ್ಷತ್ರಗಳ ಚಲನೆ ಒಟ್ಟಾರೆ ಅದರ ಅರ್ಧದ ಸುಮಾರಿಗಿದೆ. ಮೊದಲು ಎರಡು ಅಕ್ಷಗಳಲ್ಲಿ ಸ್ವಚಲನೆಯ ನಕ್ಷೆ ಬರೆಯಿರಿ. ಕೃತ್ತಿಕೆ ಅಲ್ಲಿ ಒಂದು ಬಿಗಿಯಾದ ಗಂಟಾಗಿ ಕಾಣುತ್ತದೆ, ವೃಷಭದವು ಇನ್ನೊಂದು ಕಡೆ ಕೆಲವು ಸಡಿಲ ಗಂಟುಗಳಾಗಿ ಬೀಳುತ್ತವೆ. ಆ ಒಂದೊಂದು ಸಡಿಲ ಗಂಟನ್ನೂ ಪ್ರತ್ಯೇಕ ಬಣ್ಣದಿಂದ ಗುರುತಿಸಿಕೊಂಡು ಆಮೇಲೆ ಆಕಾಶದ ನಕ್ಷೆಗೆ ಹೋಗಿ, ಜಾಲ ಹಾಕಿ. ಗಾಯಾ ಸಾಮಾನ್ಯ ಬೆಳಕಿನಲ್ಲಿ ನೋಡಿದ್ದರಿಂದ ಧೂಳಿನೊಳಗೆ ಅಡಗಿರುವ ತೀರ ಎಳೆಯವು ನಿಮ್ಮ ಪಟ್ಟಿಯಲ್ಲಿ ಇರುವುದಿಲ್ಲ. ವೃಷಭಕ್ಕೆ ಸ್ಪಿಟ್ಜರ್ ಪಟ್ಟಿಯನ್ನೂ ಸೇರಿಸಿಕೊಂಡು ಲೆಕ್ಕವನ್ನು ಎರಡು ಬಾರಿ ಮಾಡಿ, ಎರಡೂ ಬೆಲೆಗಳನ್ನು ವರದಿಯಲ್ಲಿ ಕೊಡಿ.